ಘಟಪ್ರಭೆಯ ಮೇಲಿನ ಸೂರ್ಯಾಸ್ತ: ಒಂದು ಫೋಟೊದ ಹಿಂದಿನ ದುಡಿಮೆ

ಹಿಡಕಲ್ ಅಣೆಕಟ್ಟಿನ ಹಿನ್ನೀರಿನಾಚೆ, ಗುಡ್ಡಗಳ ಸಾಲಿನ ಹಿಂದೆ ಸೂರ್ಯ ಮುಳುಗುವ ಫೋಟೊ ಬೆಳಗಾವಿ ಜಿಲ್ಲೆಯಲ್ಲಿ ಈಗ ಯಾರಿಗೂ ಹೊಸದಲ್ಲ. ಅದನ್ನು ತೆಗೆಯುವವರಲ್ಲಿ ಪ್ರವಾಸಕ್ಕೆಂದೇ ಬಂದವರಿಗಿಂತ ಬೇರೆ ಕೆಲಸಕ್ಕೆ ಬಂದು ಸಂಜೆ ಬಿಡುವಾದವರ ಪಾಲು ಕಡಿಮೆಯೇನಲ್ಲ. ಹುಕ್ಕೇರಿಯ ಶಾಖೆ ತಪಾಸಣೆಗೆ ಬಂದ ಬ್ಯಾಂಕಿನವರು, ಗೋಕಾಕದ ದವಾಖಾನೆಗಳನ್ನು ಸುತ್ತಿ ಮುಗಿಸಿದ ಔಷಧ ಕಂಪನಿಯ ಪ್ರತಿನಿಧಿಗಳು, ಮೂಡಲಗಿಯಲ್ಲಿ ಚುನಾವಣಾ ಡ್ಯೂಟಿಗೆ ಹಾಕಿಸಿಕೊಂಡ ಮಾಸ್ತರರು, ಕಾಲುವೆ ನೋಡಲು ಬಂದ ಎಂಜಿನಿಯರರು ಹೊತ್ತು ಇಳಿಯುವಾಗ ನೀರಿನ ದಂಡೆಗೆ ಬಂದು ಮೊಬೈಲ್ ಎತ್ತುತ್ತಾರೆ. ಹೀಗೆ ಸಿಕ್ಕ ಚಿತ್ರವನ್ನು ನಾವು ನಿಸರ್ಗದ ಲೆಕ್ಕಕ್ಕೆ ಹಾಕುತ್ತೇವೆ, ತೆಗೆದವರ ಬಿಡುವಿನ ಲೆಕ್ಕಕ್ಕೆ ಹಾಕುತ್ತೇವೆ. ಇತಿಹಾಸದ ಲೆಕ್ಕಕ್ಕೆ ಯಾರೂ ಹಾಕುವುದಿಲ್ಲ. ಆದರೆ ಈ ಸೀಮೆಯ ನೀರಿನ ಕಥೆಯನ್ನೂ ಕ್ಯಾಮೆರಾದ ಕಥೆಯನ್ನೂ ಜೊತೆಗಿಟ್ಟು ನೋಡಿದರೆ ಆ ವಿಂಗಡಣೆ ನಿಲ್ಲುವುದಿಲ್ಲ. ಕ್ಯಾಮೆರಾ ಇಲ್ಲಿಗೆ ಬಂದದ್ದೇ ಕೆಲಸದ ಮೇಲೆ. ಅದರ ಮುಂದೆ ಇಂದು ಹರಡಿಕೊಂಡಿರುವ ನೀರೂ ಕೆಲಸದಿಂದಲೇ ಹುಟ್ಟಿದ್ದು. ಆದ್ದರಿಂದ ಹಿಡಕಲ್ಲಿನ ಸೂರ್ಯಾಸ್ತದ ಚಿತ್ರವನ್ನು ಒಂದು ದಾಖಲೆಯಾಗಿ ಓದಬೇಕು, ದಾಖಲೆಯಂತೆಯೇ ಕಾಪಿಡಬೇಕು ಎಂಬುದು ನನ್ನ ವಾದ.

ಮೊದಲು ಹೊಳೆಯ ಮಾತು. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಕ್ಕೆ ಸುಮಾರು 283 ಕಿಲೊಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಆಂಬೋಲಿ ಕಡೆಯಿಂದ ಸಂಕೇಶ್ವರದ ಮೇಲೆ ಬರುವ ಹಿರಣ್ಯಕೇಶಿ, ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಧುಮುಕಿ ಬರುವ ಮಾರ್ಕಂಡೇಯ ಇದರ ಮುಖ್ಯ ಉಪನದಿಗಳು. ಒಂದೇ ಹೊಳೆ ಮೂರು ತಾಲೂಕುಗಳಲ್ಲಿ ಮೂರು ರೀತಿ ನಡೆದುಕೊಳ್ಳುತ್ತದೆ. ಹುಕ್ಕೇರಿಯಲ್ಲಿ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ, ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದ ಬಂಡೆಯಿಂದ ಬೀಳುತ್ತದೆ, ಮೂಡಲಗಿಯ ಬಯಲಿನಲ್ಲಿ ಕಾಲುವೆಗಳಾಗಿ ಹರಡಿ ಹೊಲ ಸೇರುತ್ತದೆ. ಈ ಮೂರರಲ್ಲಿ ಸ್ವಭಾವದಿಂದ ಬಂದದ್ದು ನಡುವಿನ ಬೀಳುವಿಕೆ ಒಂದೇ. ಅಲ್ಲಿಯೂ ಬೇಸಿಗೆಯಲ್ಲಿ ಎಷ್ಟು ನೀರು ಬೀಳಬೇಕೆಂಬುದನ್ನು ಮೇಲಿನ ಅಣೆಕಟ್ಟು, ಬಂದಾರಗಳು ನಿರ್ಧರಿಸುತ್ತವೆ. 19ನೇ ಶತಮಾನದ ಮಧ್ಯದಲ್ಲಿ ಕ್ಯಾಮೆರಾ ಈ ಕಡೆಗೆ ಬಂದಾಗ ನಿಂತ ನೀರೂ ಇರಲಿಲ್ಲ, ಹರಡಿದ ನೀರೂ ಇರಲಿಲ್ಲ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ, ಚಳಿಗಾಲ ಕಳೆಯುವಷ್ಟರಲ್ಲಿ ಬಂಡೆಯ ಸಂದುಗಳಿಗೆ ಇಳಿಯುವ ಹೊಳೆಯೊಂದೇ ಇತ್ತು.

ಕ್ಯಾಮೆರಾ ಬಂದದ್ದು ಸರಕಾರಿ ಹುಕುಮಿನ ಜೊತೆಗೆ. ಬಾಂಬೆ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಹಳೆಯ ಕಟ್ಟಡಗಳನ್ನು ಕೈಯಿಂದ ಬರೆಸುವ ಬದಲು ಫೋಟೊ ತೆಗೆಸಿದರೆ ಖರ್ಚು ಕಡಿಮೆ, ನಂಬಿಕೆ ಹೆಚ್ಚು ಎಂದು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ನಿರ್ದೇಶಕರಿಗೆ ಅನ್ನಿಸಿದ್ದೂ ಅದೇ ಹೊತ್ತಿಗೆ. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ತೋಪುದಳದ ಅಧಿಕಾರಿಯನ್ನು ಈ ಕೆಲಸಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಆತ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಸೈನ್ಯ ಆತನನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ ಕೆಲಸ ವಿಲಿಯಂ ಹೆನ್ರಿ ಪಿಗೌ ಎಂಬ ವೈದ್ಯನ ಪಾಲಿಗೆ ಬಂತು. ಮೈಸೂರು ಸೀಮೆಯ ಗುಡಿಗಳನ್ನು ತೆಗೆದ ನೀಲ್ ಕೂಡ ವೃತ್ತಿಯಿಂದ ವೈದ್ಯನೇ. ಈ ಮೂವರ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹದೊಂದಿಗೆ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಫಿರಂಗಿ ಹಾರಿಸುವವನು ಒಬ್ಬ, ಮದ್ದು ಕೊಡುವವರು ಇಬ್ಬರು. ನೋಟ ಅರಸಿ ಊರೂರು ಅಲೆದ ಕಲಾವಿದರಲ್ಲ ಇವರು. ಸಂಬಳ, ಭತ್ಯೆ, ವರದಿಗಳ ಲೋಕದವರು. ಕನ್ನಡ ನಾಡನ್ನು ಕ್ಯಾಮೆರಾ ಮೊದಮೊದಲು ನೋಡಿದ್ದು ಇಂಥವರ ಕೈಯಲ್ಲಿ.

ಆ ಕ್ಯಾಮೆರಾ ಹುಡುಕಿದ್ದು ನೀರನ್ನಲ್ಲ, ಅಕ್ಷರವನ್ನು ಎಂಬುದು ಇನ್ನೂ ಮುಖ್ಯ. ಮೈಸೂರು ಸಂಸ್ಥಾನದಲ್ಲಿ ಮೇಜರ್ ಡಿಕ್ಸನ್ 1865ರಲ್ಲಿ ನೂರೈವತ್ತರಷ್ಟು ಶಾಸನಗಳ ಫೋಟೊ ತೆಗೆದ. ಅವನ್ನು ಆಧರಿಸಿಯೇ ಲೂಯಿಸ್ ರೈಸ್ ಅವರ ಮೈಸೂರು ಶಾಸನಗಳ ಪುಸ್ತಕ 1879ರಲ್ಲಿ ಹೊರಬಂತು. ಮುಂಬಯಿ ಕರ್ನಾಟಕದಲ್ಲಿ ಜೆ. ಎಫ್. ಫ್ಲೀಟ್ ಕಂದಾಯದ ಕೆಲಸ ಮಾಡುತ್ತಲೇ ಶಾಸನಗಳನ್ನು ಓದಿದರು, ಹಳೆಯ ಫೋಟೊಗಳ ಸಂಗ್ರಹವನ್ನು 1878ರಲ್ಲಿ ವ್ಯವಸ್ಥಿತವಾಗಿ ಹೊರತಂದರು. ಸವದತ್ತಿ ಮತ್ತು ಬೆಳಗಾವಿಯ ರಟ್ಟ ಅರಸರ ಶಾಸನಗಳನ್ನು ಅವರು ಪ್ರಕಟಿಸಿದಾಗ ಅದರಲ್ಲಿ ಇಂದಿನ ಮೂಡಲಗಿ ಭಾಗದ ಕಲ್ಲೋಳಿಯ ಶಾಸನವೂ ಇತ್ತು. ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಸುಮಾರಿನ ಆ ಕಲ್ಲು ಜೈನ ಬಸದಿಗೆ ಬಿಟ್ಟ ಭೂಮಿಯ ಲೆಕ್ಕ ಹೇಳುತ್ತದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ದಿನ, ಗಡಿ ಎಲ್ಲಿಯದು ಎಂಬ ವಿವರಗಳಿಗಾಗಿಯೇ ಆ ಕಲ್ಲನ್ನು ನೆಟ್ಟಿದ್ದು. ಕ್ಯಾಮೆರಾ ಈ ನಾಡಿನಲ್ಲಿ ಮೊದಲು ಕಲಿತ ಪಾಠವೇ ಶಾಸನ ಓದುವ ಪಾಠ. ಒಂದು ಚಿತ್ರ ತನ್ನ ಕಾಲ, ದೇಶಗಳನ್ನು ಹೇಳಬೇಕೆಂಬ ಹಟ ಅದಕ್ಕೆ ಆ ಸಹವಾಸದಿಂದಲೇ ಬಂದಿರಬೇಕು.

ಗೋಕಾಕ ಸೀಮೆಯ ಪಾಳಿ ಬಂದದ್ದು 1874ರಲ್ಲಿ. ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯನ್ನು ವಹಿಸಿಕೊಂಡ ಜೇಮ್ಸ್ ಬರ್ಜೆಸ್ ತಮ್ಮ ಮೊದಲ ಹಂಗಾಮಿನ ಕೆಲಸಕ್ಕೆ ಆರಿಸಿಕೊಂಡದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು. ಆ ವರದಿಯ ಹೆಸರಿನಲ್ಲೇ ಕೆಲಸದ ಅವಧಿ ಅಚ್ಚಾಗಿದೆ: ಜನವರಿಯಿಂದ ಮೇ. ಗೋಕಾಕ ಫಾಲ್ಸಿನ ಎರಡೂ ದಂಡೆಗಳಲ್ಲಿರುವ ಚಾಲುಕ್ಯ ಶೈಲಿಯ ಗುಡಿಗಳು, ಪಕ್ಕದ ಕೊಣ್ಣೂರು ಇಂಥ ಸಮೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಬರ್ಜೆಸ್ ನಂತರ ಹೆನ್ರಿ ಕಸೆನ್ಸ್ ಈ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗೆಗಿನ ಅವರ ಗ್ರಂಥ ಪ್ರಕಟವಾದದ್ದು 1926ರಲ್ಲಿ. ಬರ್ಜೆಸ್ ವರದಿಯ ಆ ಅವಧಿಯನ್ನು ಸ್ವಲ್ಪ ತಡೆದು ನೋಡಬೇಕು. ಬ್ರಿಟಿಷ್ ಅಧಿಕಾರಿಗಳ ತಿರುಗಾಟದ ಹಂಗಾಮು ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮಳೆಗೆ ಮುನ್ನ ಮುಗಿಯುತ್ತಿತ್ತು. ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಬಂಡಿ ಸಾಗದು, ಡೇರೆ ನಿಲ್ಲದು. ಆದರೆ ಫಾಲ್ಸ್ ಮೈದುಂಬುವುದು ಜುಲೈಯಿಂದ ಸೆಪ್ಟೆಂಬರಿನಲ್ಲಿ. ಅಂದರೆ ಜಲಪಾತಕ್ಕೆ ಜಲ ಇದ್ದಾಗ ಕ್ಯಾಮೆರಾ ಕಚೇರಿಯಲ್ಲಿ, ಕ್ಯಾಮೆರಾ ಜಲಪಾತದ ಬಳಿ ಬಂದಾಗ ಜಲ ಬಂಡೆಯ ಸಂದಿನಲ್ಲಿ. ಆ ಕಾಲದ ಸಮೀಕ್ಷೆಗಳಲ್ಲಿ ಕಲ್ಲು ಇಷ್ಟು ಸ್ಪಷ್ಟವಾಗಿ, ನೀರು ಇಷ್ಟು ಬಡವಾಗಿ ಕಾಣುವುದಕ್ಕೆ ಪುರಾತತ್ವದ ಆಸಕ್ತಿ ಒಂದೇ ಕಾರಣವಲ್ಲ, ನೌಕರಿಯ ಪಂಚಾಂಗವೂ ಕಾರಣ.

ಇನ್ನು ಸೂರ್ಯಾಸ್ತ. ಅದು ಆ ಕ್ಯಾಮೆರಾಕ್ಕೆ ದಕ್ಕುವ ವಸ್ತುವೇ ಆಗಿರಲಿಲ್ಲ. ಕಾಗದದ ನೆಗೆಟಿವ್‌ಗೆ ಒಳ್ಳೆಯ ಬಿಸಿಲಿನಲ್ಲಿಯೇ ನಿಮಿಷಗಳ ಲೆಕ್ಕದ ಬೆಳಕು ಬೇಕಿತ್ತು. ನಂತರ ಬಂದ ಕೊಲೋಡಿಯನ್ ಗಾಜು ಚುರುಕಾಗಿತ್ತು, ಆದರೆ ಅದನ್ನು ಸ್ಥಳದಲ್ಲೇ ಸವರಿ, ಹಸಿಯಿರುವಾಗಲೇ ಕ್ಯಾಮೆರಾದಲ್ಲಿಟ್ಟು, ಹಸಿಯಿರುವಾಗಲೇ ಕತ್ತಲ ಡೇರೆಯೊಳಗೆ ತೊಳೆಯಬೇಕಿತ್ತು. ಇದಕ್ಕಿಂತ ದೊಡ್ಡ ತೊಡಕು ಬಣ್ಣದ್ದು. ಆಗಿನ ರಾಸಾಯನಿಕಗಳಿಗೆ ನೀಲಿ ಬೆಳಕು ಮಾತ್ರ ಗೊತ್ತು, ಕೆಂಪು ಗೊತ್ತೇ ಇಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡಬಹುದಾಗಿದ್ದುದು ಇದರಿಂದಲೇ. ಸೂರ್ಯಾಸ್ತದ ಕೆಂಪು ಎಂದರೆ ಆ ಗಾಜು ಕುರುಡಾಗಿದ್ದ ಬೆಳಕು. ನೆಲಕ್ಕೆ ಸಾಕಾಗುವಷ್ಟು ಹೊತ್ತು ತೆರೆದರೆ ಆಕಾಶ ಬಿಳಿ ಕಾಗದವಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೆ ಒಂದು, ಮೋಡಕ್ಕೆ ಒಂದು ನೆಗೆಟಿವ್ ಮಾಡಿ ಎರಡನ್ನೂ ಒಂದೇ ಹಾಳೆಯ ಮೇಲೆ ಜೋಡಿಸಿ ಮುದ್ರಿಸಿ ಯುರೋಪನ್ನು ಬೆರಗುಗೊಳಿಸಿದ್ದು ಈ ಕಷ್ಟವನ್ನು ದಾಟುವುದಕ್ಕಾಗಿ. ಹರ್ಮನ್ ಫೋಗೆಲ್ 1873ರಲ್ಲಿ ಬಣ್ಣದ್ರವ್ಯ ಬೆರೆಸಿ ಗಾಜಿಗೆ ಹಸಿರು ಬೆಳಕನ್ನು ಕಾಣಿಸಿದ. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಗಾಜು ಅಂಗಡಿಗೆ ಬಂದದ್ದು 1906ರಲ್ಲಿ, ಬಣ್ಣವನ್ನೇ ಹಿಡಿಯುವ ಕೊಡಾಕ್ರೋಮ್ ಬಂದದ್ದು 1935ರಲ್ಲಿ. ಇಂದು ಮಗುವಿನ ಕೈಗೂ ಸುಲಭವಾಗಿ ಸಿಗುವ ಈ ಚಿತ್ರ ಫೋಟೊಗ್ರಫಿಯ ಮೊದಲ ಅರ್ಧ ಶತಮಾನಕ್ಕೆ ಬಹುಪಾಲು ಅಸಾಧ್ಯವಾಗಿತ್ತು ಎಂಬುದನ್ನು ಮರೆತರೆ, ಸೂರ್ಯಾಸ್ತ ಎಂದಿನಿಂದಲೂ ಫೋಟೊಗೆ ಕಾದು ನಿಂತಿತ್ತೆಂಬ ಭ್ರಮೆ ಹುಟ್ಟುತ್ತದೆ.

ಎರಡನೆಯ ಸುತ್ತಿನಲ್ಲಿ ಗೋಕಾಕಕ್ಕೆ ಬಂದವರು ಗುಡಿಯ ಮೇಲೆ ಕಣ್ಣಿಟ್ಟವರಲ್ಲ, ನೀರಿನ ಬೀಳುವಿಕೆಯ ಮೇಲೆ ಕಣ್ಣಿಟ್ಟವರು. ಫೋರ್ಬ್ಸ್ ಸಂಸ್ಥೆಯ ಬೆಂಬಲದಿಂದ 1885ರಲ್ಲಿ ಗೋಕಾಕದ ಜಲಶಕ್ತಿ ಮತ್ತು ಗಿರಣಿಯ ಕಂಪನಿ ಹುಟ್ಟಿತು. 1887ರ ಹೊತ್ತಿಗೆ ನೀರಿನ ಬಲದಿಂದ ಹತ್ತಿಯ ಗಿರಣಿ ತಿರುಗತೊಡಗಿತು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಗೆ ಬಂತು, ಗೋಕಾಕ ರೋಡ್ ಎಂಬ ನಿಲ್ದಾಣ ಎದ್ದಿತು. ಫಾಲ್ಸಿನ ಮೇಲುಗಡೆ ಎರಡು ದಂಡೆಗಳ ನಡುವೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ತೂಗಿತು. ಇಂದು ಪ್ರವಾಸಿಗಳು ಮುಗಿಬಿದ್ದು ಫೋಟೊ ತೆಗೆಸಿಕೊಳ್ಳುವ ಈ ಸೇತುವೆ ಗಿರಣಿಯ ದುಡಿಮೆಗಾರರ ಓಡಾಟದ ದಾರಿ. ಈ ಹೊತ್ತಿಗೆ ಇಡೀ ಭಾರತದಲ್ಲಿ ಸೇತುವೆ, ರೈಲುದಾರಿ, ಅಣೆಕಟ್ಟುಗಳ ಕಾಮಗಾರಿಯನ್ನು ಹಂತಹಂತವಾಗಿ ಫೋಟೊ ತೆಗೆದು ಮೇಲಿನವರಿಗೆ ಕಳಿಸುವ ರೂಢಿ ಬೇರೂರಿತ್ತು. ಮುಂದೆ ಹೈದರಾಬಾದ್ ನಿಜಾಮರ ಛಾಯಾಗ್ರಾಹಕರಾಗಿ ರಾಜಾ ಎಂಬ ಬಿರುದು ಪಡೆದ ಲಾಲಾ ದೀನ್ ದಯಾಳ್ ಕೂಡ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯ ನೌಕರಿಗೆ ಸೇರಿ, ಅಲ್ಲಿಂದಲೇ ಕ್ಯಾಮೆರಾಕ್ಕೆ ಬಂದವರು. ಆ ಕಾಲದ ಫೋಟೊಗ್ರಫಿಯನ್ನು ಸಾಕಿದ್ದು ಬಿಡುವಿಗಿಂತ ಹೆಚ್ಚಾಗಿ ನೌಕರಿ.

ಇದಕ್ಕೊಂದು ಆಕ್ಷೇಪ ಬರಬಹುದು. ಹಿಮಾಲಯದ ಕೆರೆ, ಕಣಿವೆಗಳನ್ನು 1863ರಿಂದ 1866ರವರೆಗೆ ಮೂರು ಯಾತ್ರೆಗಳಲ್ಲಿ ತೆಗೆದ ಸ್ಯಾಮ್ಯುಯೆಲ್ ಬೋರ್ನ್ ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಬಂದವನಲ್ಲವೇ? ಸೌಂದರ್ಯವನ್ನೇ ಅರಸಿದ ಕ್ಯಾಮೆರಾ ಭಾರತದಲ್ಲಿ ಇರಲಿಲ್ಲವೇ? ಇತ್ತು, ನಿಜ. ಆದರೆ ಬೋರ್ನ್‌ನ ಹಿಂದೆ ಡಜನ್‌ಗಟ್ಟಲೆ ಕೂಲಿಗಳು ಗಾಜು, ರಾಸಾಯನಿಕ, ಡೇರೆ ಹೊತ್ತು ನಡೆಯುತ್ತಿದ್ದರು. ಮುಂದೆ ಶಿಮ್ಲಾ, ಕಲಕತ್ತೆಗಳ ಮಾರುಕಟ್ಟೆ ಇತ್ತು. ಗಿರಿಧಾಮಗಳ ನೆನಪನ್ನು ಕೊಂಡೊಯ್ಯಲು ಬಯಸಿದ ಗಿರಾಕಿಗಳಿದ್ದಲ್ಲಿ ಅಂಥ ಚಿತ್ರ ಬೆಳೆಯಿತು. ಘಟಪ್ರಭೆಯ ಕಣಿವೆಯಲ್ಲಿ ಗಿರಿಧಾಮವೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ಇಲ್ಲಿಗೆ ಬರುವವರನ್ನು ಕರೆತರುತ್ತಿದ್ದದ್ದು ಜಮಾಬಂದಿ, ಸಮೀಕ್ಷೆ, ಕಾಲುವೆ ಮತ್ತು ಗಿರಣಿ. ಹಿಮಾಲಯದ ಉದಾಹರಣೆ ಹೀಗೆ ನನ್ನ ಮಾತಿಗೆ ಅಡ್ಡ ಬರುವುದಿಲ್ಲ. ಯಾವ ಸೀಮೆಗೆ ಜನ ಯಾತಕ್ಕಾಗಿ ಬರುತ್ತಾರೋ ಆ ಸೀಮೆಯ ಚಿತ್ರ ಅದರಂತೆಯೇ ಆಗುತ್ತದೆ ಎಂಬುದನ್ನೇ ಗಟ್ಟಿ ಮಾಡುತ್ತದೆ.

ಈಗ ಕೆರೆಯ ಹುಟ್ಟಿಗೆ ಬರೋಣ. ಫಾಲ್ಸಿನ ಮೇಲುಗಡೆ ಧೂಪದಾಳದಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹೊಳೆಗೆ ಅಡ್ಡವಾಗಿ ಬಂದಾರ ಕಟ್ಟಿ ಕಾಲುವೆ ತೆಗೆದರು. ಅಗಲವಾಗಿ, ಆಳವಿಲ್ಲದೆ ನಿಂತ ಆ ನೀರಿಗೆ ದೂರದೇಶದ ಕೊಕ್ಕರೆ, ಕ್ರೌಂಚಗಳು ಚಳಿಗಾಲಕ್ಕೆ ಬರತೊಡಗಿದವು. 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. ಹೊಲಕ್ಕೆಂದು ತಡೆದ ನೀರು ಹಕ್ಕಿಗಳ ಕಾಯ್ದಿಟ್ಟ ತಾಣವಾದ ಬಗೆ ಇದು. ಅದರ ಮೇಲೆ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 1977ರ ಹೊತ್ತಿಗೆ ದೊಡ್ಡ ಅಣೆಕಟ್ಟು ಮುಗಿಯಿತು. ಸುಮಾರು 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ಪೂರ್ಣ ಮಟ್ಟ 2175 ಅಡಿ. ಬೆಳಗಾವಿಯ ಕಾಲೇಜುಗಳಿಗೆ ಉದಾರವಾಗಿ ದಾನ ಮಾಡಿದ ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಅದಕ್ಕಿಟ್ಟರು. ಗುಡ್ಡಗಳ ನಡುವೆ ಕಣ್ಣು ಹಾಯುವವರೆಗೆ ನಿಂತ ನೀರು ಎಂಬ ನೋಟ ಈ ನಾಡಿಗೆ ಬಂದದ್ದು ಆಗ. ಅದಕ್ಕೆ ಈಗ ಐವತ್ತು ವರ್ಷಗಳ ಆಸುಪಾಸು ವಯಸ್ಸು.

ಅಲ್ಲಿ ಸೂರ್ಯಾಸ್ತ ಅಷ್ಟು ಚೆನ್ನಾಗಿ ಕಾಣುವುದೂ ಆಕಸ್ಮಿಕವಲ್ಲ. ದಖ್ಖನಿನ ಈ ಹೊಳೆಗಳು ಪಶ್ಚಿಮದ ಘಟ್ಟದಿಂದ ಪೂರ್ವಕ್ಕೆ ಹರಿಯುತ್ತವೆ. ಅಡ್ಡಗಟ್ಟಿದರೆ ನೀರು ಸ್ಥೂಲವಾಗಿ ಕಟ್ಟೆಯ ಪಶ್ಚಿಮಕ್ಕೆ ನಿಲ್ಲುತ್ತದೆ. ಕಟ್ಟೆಯ ಮೇಲೆ ನಿಂತು ನೀರಿನ ಕಡೆ ಮುಖ ಮಾಡಿದವನ ಎದುರಿಗೆ ನೀರು, ನೀರಿನಾಚೆ ಗುಡ್ಡ, ಗುಡ್ಡದಾಚೆ ಇಳಿಯುವ ಸೂರ್ಯ ತಾವಾಗಿಯೇ ಸಾಲಾಗುತ್ತವೆ. ಹಿಡಕಲ್ಲಿಗೂ ಹೀಗೆಯೇ, ಮಲಪ್ರಭೆಯ ನವಿಲುತೀರ್ಥಕ್ಕೂ ಹೆಚ್ಚುಕಡಿಮೆ ಹೀಗೆಯೇ. ಎರಡನೆಯ ಕಾರಣ ಕಾಲದ್ದು, ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಹೊಳೆಗೆ ನೀರು ಬರುವ ತಿಂಗಳುಗಳಲ್ಲಿ ಆಕಾಶ ಮೋಡ ಕವಿದಿರುತ್ತದೆ, ಸೂರ್ಯಾಸ್ತವೇ ಕಾಣುವುದಿಲ್ಲ. ಆಕಾಶ ತಿಳಿಯಾಗುವ ಕಾರ್ತಿಕ, ಮಾರ್ಗಶಿರಗಳ ನಂತರ ಹೊಳೆ ಸೊರಗುತ್ತದೆ. ತುಂಬಿದ ನೀರು ಮತ್ತು ತಿಳಿಯಾದ ಸಂಜೆ ಈ ಕಣಿವೆಯಲ್ಲಿ ಒಟ್ಟಿಗೆ ಸೇರುವುದು ಅಪರೂಪವಾಗಿತ್ತು. ಆಷಾಢ, ಶ್ರಾವಣಗಳ ನೀರನ್ನು ಪುಷ್ಯ, ಮಾಘಗಳಿಗೆ ದಾಟಿಸಿ ಅವನ್ನು ಒಟ್ಟುಗೂಡಿಸಿದ್ದು ಅಣೆಕಟ್ಟು. ಕಟ್ಟಿದವರು ಹಿಂಗಾರಿ ಬೆಳೆ ಮತ್ತು ಕಬ್ಬಿನ ಲೆಕ್ಕ ಹಾಕಿದ್ದರು. ಸೂರ್ಯಾಸ್ತ ಆ ಲೆಕ್ಕದ ಶೇಷವಾಗಿ ಬಂತು. ಇಷ್ಟಾದ ಮೇಲೆ ಸರಕಾರಿ ತಿರುಗಾಟದ ಹಂಗಾಮೂ ಅದೇ ತಿಂಗಳುಗಳದ್ದೆಂಬುದನ್ನು ಸೇರಿಸಿಕೊಂಡರೆ, ಬರ್ಜೆಸ್‌ಗೆ ಬರೀ ಬಂಡೆ ತೋರಿಸಿದ ಚಳಿಗಾಲ ಇಂದಿನ ನೌಕರರಿಗೆ ತುಂಬಿದ ಕೆರೆಯನ್ನು ಯಾಕೆ ತೋರಿಸುತ್ತದೆ ಎಂಬುದು ಬಿಡಿಸಿ ಹೇಳಬೇಕಿಲ್ಲ.

ಮನುಷ್ಯ ಕಟ್ಟಿದ ನೀರನ್ನು ನಿಸರ್ಗದ ಸರೋವರವೆಂದು ತೋರಿಸುವುದು ಮೋಸವಲ್ಲವೇ, ಅದಕ್ಕೆ ಇಷ್ಟು ಗೌರವ ಯಾಕೆ ಎಂದು ಕೆಲವರು ಕೇಳಬಹುದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಬಲವಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ಯಾರೋ ಕಟ್ಟಿಸಿದವೇ. ಚನ್ನಗಿರಿಯ ಸೂಳೆಕೆರೆಯೂ ಕಟ್ಟಿದ ಕೆರೆಯೇ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸವಾಗಿದ್ದ ಕಾಲದಲ್ಲಿ ಅದನ್ನು ನಿಸರ್ಗವೆಂದು ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಟ್ಟಿಸಿದವನ ಹೆಸರು, ತಿಥಿ, ತೂಬು, ಕೆರೆ ನೋಡಿಕೊಳ್ಳಲು ಬಿಟ್ಟ ಭೂಮಿ ಇವನ್ನು ಕಲ್ಲಿನಲ್ಲಿ ಕೊರೆಸಿ ಏರಿಯ ಬಳಿ ನೆಡುತ್ತಿದ್ದರು. ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಬರೆಸಿದ ಪೋರುಮಾಮಿಳ್ಳದ ಶಾಸನ ಇನ್ನೂ ಮುಂದೆ ಹೋಗಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಕೆರೆ ಸುಂದರವಾಗಿರುವುದಕ್ಕೂ ದುಡಿಮೆಯ ಫಲವಾಗಿರುವುದಕ್ಕೂ ಆ ಪರಂಪರೆಯಲ್ಲಿ ಜಗಳವಿಲ್ಲ. ಜಗಳ ಹುಟ್ಟಿದ್ದು ಗುಡ್ಡ, ಕೆರೆ, ಸಂಜೆಗಳನ್ನು ಮನುಷ್ಯನ ಗುರುತಿಲ್ಲದೆ ತೋರಿಸಬೇಕೆಂಬ ಹೊಸ ಅಭಿರುಚಿಯಿಂದ. ಗೇಟು, ಕಂಬ, ಪಂಪು, ತಂತಿ ಚೌಕಟ್ಟಿನೊಳಗೆ ಬರದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಫೋಟೊ ತೆಗೆಯುವಾಗ ನಾವು ಅಳಿಸುತ್ತಿರುವುದು ಅದೇ ನೋಟವನ್ನು ತಂದುಕೊಟ್ಟ ದುಡಿಮೆಯನ್ನು.

ಅಳಿಸಿಹೋಗುವುದು ದುಡಿಮೆ ಮಾತ್ರವಲ್ಲ, ಮುಳುಗಡೆಯೂ ಹೌದು. ಜಲಾಶಯದ ನೀರಿನಡಿ ಹಳ್ಳಿಗಳಿವೆ. ಹುನ್ನೂರಿನ ಹಳೆಯ ವಿಠ್ಠಲ ಮಂದಿರ ನೀರು ಇಳಿದ ಬೇಸಿಗೆಯಲ್ಲಿ ಮೇಲೇಳುತ್ತದೆ, ಮಳೆ ಬಂದರೆ ಮತ್ತೆ ಮುಳುಗುತ್ತದೆ. ಅದು ಕಾಣತೊಡಗಿದರೆ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಒಣಗಿದ ಕೆಸರಿನ ನಡುವೆ ನಿಂತ ಗೋಪುರದ ಹಿಂದೆ ಸಂಜೆಯ ಸೂರ್ಯನಿದ್ದರೆ ಚಿತ್ರ ನಿಜಕ್ಕೂ ಚೆನ್ನಾಗಿಯೇ ಬರುತ್ತದೆ. ಆದರೆ ಮಂದಿರ ಎಷ್ಟು ಚೆನ್ನಾಗಿ ಕಾಣುತ್ತದೋ ಜಲಾಶಯ ಅಷ್ಟು ಬರಿದಾಗಿದೆ ಎಂದೇ ಅರ್ಥ. ಆ ಫೋಟೊದ ಮೇಲೆ ತಾರೀಖು ಇದ್ದರೆ ಅದು ಆ ವರ್ಷದ ನೀರಿನ ಸ್ಥಿತಿಗೆ ಸಾಕ್ಷಿಯಾಗುತ್ತದೆ, ಊರು ಬಿಟ್ಟವರ ಮಕ್ಕಳಿಗೆ ತಮ್ಮ ಹಿರಿಯರ ಗುಡಿಯ ಗುರುತಾಗುತ್ತದೆ. ತಾರೀಖು ಇಲ್ಲದಿದ್ದರೆ ಅದು ಎಲ್ಲಿಯದೋ ಎಂದಿನದೋ ಆದ ಒಂದು ಚೆಂದದ ಚಿತ್ರ.

ಇಲ್ಲಿ ಎದುರಾಗುವ ಗಟ್ಟಿಯಾದ ಆಕ್ಷೇಪ ಬೇರೆ. ಕೆಲಸದ ಕ್ಯಾಮೆರಾವನ್ನು ಇಷ್ಟು ಹೊಗಳುವುದೇಕೆ? ಆಳುವವರ ಕಣ್ಣು ಅದು. ಕಲ್ಲನ್ನು, ಹೊಳೆಯ ಬಲವನ್ನು, ಸೇತುವೆಯನ್ನು ಕಂಡಿತು. ಕಲ್ಲೊಡೆದವರನ್ನು, ಗಿರಣಿಯ ಪಾಳಿಯವರನ್ನು ಅಳತೆಗೋಲಿನ ಹಾಗೆ ಚಿತ್ರದ ಮೂಲೆಯಲ್ಲಿ ನಿಲ್ಲಿಸಿತು. ಈ ಮಾತು ಒಪ್ಪತಕ್ಕದ್ದು. ಈ ನೆಲದ ಮನುಷ್ಯರು ಫೋಟೊಕ್ಕಿಂತ ಬರಹದಲ್ಲಿ ಹೆಚ್ಚು ನಿಚ್ಚಳವಾಗಿ ಉಳಿದಿದ್ದಾರೆ. ಗೋಕಾಕ ತಾಲೂಕಿನ ಬೆಟಗೇರಿಯ ಆನಂದಕಂದರು, ಮಲಾಮರಡಿಯ ಬಸವರಾಜ ಕಟ್ಟೀಮನಿಯವರು, ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಕ್ಯಾಮೆರಾ ಬಿಟ್ಟುಹೋದ ಜನರನ್ನು ಭಾಷೆಯಲ್ಲಿ ಹಿಡಿದಿಟ್ಟರು. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. 1855ರ, 1874ರ ಚಿತ್ರಗಳಲ್ಲಿ ಏನಿಲ್ಲ ಎಂದು ನಾವಿಂದು ಖಚಿತವಾಗಿ ಹೇಳಬಲ್ಲೆವು, ಯಾಕೆಂದರೆ ಅವನ್ನು ಯಾರು, ಯಾವಾಗ, ಯಾವ ಹುಕುಮಿನಿಂದ ತೆಗೆದರೆಂಬುದು ನಮಗೆ ಗೊತ್ತು. ತಪ್ಪು ಹಿಡಿಯುವುದಕ್ಕೂ ದಾಖಲೆಯೇ ಬೇಕು. ಇಂದಿನ ಹೆಸರಿಲ್ಲದ, ತೇದಿಯಿಲ್ಲದ ಲಕ್ಷಗಟ್ಟಲೆ ಸೂರ್ಯಾಸ್ತಗಳ ಬಗ್ಗೆ ನೂರು ವರ್ಷದ ನಂತರ ಬರುವವರಿಗೆ ಆ ತಕರಾರು ತೆಗೆಯುವ ಅವಕಾಶವೂ ಇರುವುದಿಲ್ಲ.

ಕೊನೆಯದಾಗಿ, ಎಲ್ಲ ಫೋಟೊಗಳೂ ದಾಖಲೆಯಾಗಬೇಕೇ, ದಣಿದವನು ಸಂಜೆ ಸುಮ್ಮನೆ ಒಂದು ಚಿತ್ರ ತೆಗೆದರೆ ಏನು ತಪ್ಪು ಎಂಬ ಪ್ರಶ್ನೆ. ತಪ್ಪೇನೂ ಇಲ್ಲ. ಸಂತೋಷಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಸುಮ್ಮನೆ ತೆಗೆದ ಚಿತ್ರ ಎಷ್ಟು ಬೇಗ ಸಾಕ್ಷಿಯಾಗಿ ಮಾರ್ಪಡುತ್ತದೆ ಎಂಬುದನ್ನು ಇದೇ ಸೀಮೆ 2019ರ ಆಗಸ್ಟ್‌ನಲ್ಲಿ ಕಂಡಿದೆ. ಘಟಪ್ರಭೆ, ಮಾರ್ಕಂಡೇಯಗಳು ಒಟ್ಟಿಗೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಊರವರು ಮೊಬೈಲಿನಲ್ಲಿ ತೆಗೆದ ಚಿತ್ರಗಳೇ ನೀರು ಎಲ್ಲಿಯವರೆಗೆ ಬಂತೆಂದು ತೋರಿಸಿದವು. ಆ ಚಿತ್ರಗಳ ಬೆಲೆ ಅವುಗಳ ಚೆಂದದಲ್ಲಿರಲಿಲ್ಲ. ಯಾವ ಓಣಿ, ಯಾವ ದಿನ, ಯಾವ ಗೋಡೆ ಎಂಬ ವಿವರದಲ್ಲಿತ್ತು. ಚೆಂದದ ದಿನಗಳ ಫೋಟೊಗಳಿಗೂ ಅಷ್ಟೇ ವಿವರ ಇದ್ದಿದ್ದರೆ ಅವುಗಳ ಜೊತೆ ಹೋಲಿಸಿ ಹೊಳೆ ಎಷ್ಟು ಬದಲಾಗಿದೆಯೆಂದು ಲೆಕ್ಕ ಹಾಕಬಹುದಿತ್ತು.

ಮೂಡಲಗಿಯ ಕಡೆಗೂ ಒಂದು ಮಾತು ಸಲ್ಲಬೇಕು. ಗೋಕಾಕದಿಂದ ಬೇರೆಯಾಗಿ ತಾಲೂಕಾದ ಈ ಬಯಲಿನಲ್ಲಿ ಜಲಪಾತವಿಲ್ಲ, ಗುಡ್ಡಗಳ ನಡುವಿನ ಜಲಾಶಯವಿಲ್ಲ. ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆಯ ನೀರು, ಕಬ್ಬು, ಮೆಕ್ಕೆಜೋಳ ಇಲ್ಲಿನ ನೋಟ. ಸೂರ್ಯಾಸ್ತ ಹುಡುಕುವವರು ಇಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಆದರೆ ಹುಕ್ಕೇರಿಯಲ್ಲಿ ನೀರು ನಿಂತಿರುವುದೇ ಮೂಡಲಗಿಯಂಥ ಬಯಲುಗಳಿಗಾಗಿ. ಒಂದೇ ಹೊಳೆಯ ಮೇಲ್ತುದಿಯ ಹತ್ತು ಸಾವಿರ ಚಿತ್ರಗಳಿದ್ದು ಅದು ಉಣಿಸುವ ಹೊಲಗಳ ಚಿತ್ರ ಬೆರಳೆಣಿಕೆಯಷ್ಟಿದ್ದರೆ, ಮುಂದಿನವರು ಈ ನೀರನ್ನು ನೋಟಕ್ಕೆಂದೇ ಕಟ್ಟಿದ್ದೆಂದು ತಿಳಿದಾರು.

ಆದ್ದರಿಂದ ಬೇಡಿಕೆ ಸಣ್ಣದು. ಕೆಲಸದ ಮೇಲೆ ಹಿಡಕಲ್ಲಿಗೋ ಧೂಪದಾಳಕ್ಕೋ ಗೋಕಾಕ ಫಾಲ್ಸಿಗೋ ಬಂದವರು ಧಾರಾಳ ಫೋಟೊ ತೆಗೆಯಲಿ. ಅದರ ಜೊತೆಗೆ ಊರು, ದಿನ, ನಿಂತ ಜಾಗ, ಮುಖ ಮಾಡಿದ ದಿಕ್ಕು, ಅಂದಿನ ನೀರಿನ ಮಟ್ಟ ಎಂಬ ಐದು ಸಂಗತಿಗಳನ್ನು ಬರೆದಿಡಲಿ. ನೀರಿನ ಮಟ್ಟವನ್ನು ಅಣೆಕಟ್ಟಿನ ಸಿಬ್ಬಂದಿ ನಿತ್ಯವೂ ದಾಖಲಿಸುತ್ತಾರೆ, ಮಳೆಗಾಲದಲ್ಲಿ ಪತ್ರಿಕೆಗಳಲ್ಲೂ ಬರುತ್ತದೆ. ಕೇಳಿದರೆ ಸಿಗುತ್ತದೆ. ಚೌಕಟ್ಟಿನಿಂದ ಗೇಟನ್ನೂ ಕಂಬವನ್ನೂ ದುಡಿಯುವವರನ್ನೂ ಒಂದು ಚಿತ್ರದಲ್ಲಾದರೂ ಹೊರಗಿಡದಿರಲಿ. ಮೂರೂ ತಾಲೂಕುಗಳ ಗ್ರಂಥಾಲಯಗಳು, ಕಾಲೇಜುಗಳು ಇಂಥ ಚಿತ್ರಗಳನ್ನು ಊರುವಾರು ಕೂಡಿಡುವ ಕೆಲಸವನ್ನು ಕೈಗೆತ್ತಿಕೊಂಡರೆ ಅದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. 1204ರ ಕಲ್ಲೋಳಿಯ ಕಲ್ಲು ತನ್ನ ಕಾಲವನ್ನು ಎಂಟು ನೂರು ವರ್ಷಗಳ ಆಚೆಯಿಂದಲೂ ಹೇಳುತ್ತಿರುವಾಗ, ನಿನ್ನೆ ಸಂಜೆಯ ಫೋಟೊ ತನ್ನ ಊರನ್ನಾದರೂ ಹೇಳಲೇಬೇಕು.